ಬಾಯಿಲ್ಲದ ಚಿಟ್ಟೆಯೂ ಬಾಯಿರುವ ನಾನೂ

ಪ್ರಾಣಿಗಳನ್ನು ನೋಡಿದಾಗಲೆಲ್ಲ ನನಗೊಂದು ಅನುಮಾನ. ಇವನ್ನೆಲ್ಲ ಮಾಡುವ ಹೊತ್ತಿಗೆ ದೇವರ ಮನೆಯಲ್ಲಿ ಕರೆಂಟು ಹೋಗಿತ್ತೇನೋ. ಎಮ್ಮೆಯನ್ನೇ ನೋಡಿ. ಬಿಸಿಲಿಗೆ ಆಗದ ಜೀವಕ್ಕೆ ಕಪ್ಪು ಬಣ್ಣ ಬಳಿದು, ಮೈಮೇಲಿನ ಕೂದಲನ್ನೂ ಎಣಿಸಿ ಕೊಟ್ಟು, ಕೆರೆ ಎಲ್ಲಿದೆಯೋ ಹುಡುಕಿಕೋ ಹೋಗು ಎಂದು ಕಳಿಸಿದ್ದಾನೆ. ಕೋಳಿ ಯಾರಿಗೂ ಕಾಣದ ಮೂಲೆ ಹುಡುಕಿ ಗುಟ್ಟಾಗಿ ಮೊಟ್ಟೆಯಿಡುತ್ತದೆ. ಇಟ್ಟಮೇಲೆ ಈಚೆ ಬಂದು ಇಡೀ ಬೀದಿಗೆ ಸಾರುತ್ತದೆ. ಮೇಕೆಯ ಕೊರಳಲ್ಲಿ ಎರಡು ಮೊಲೆ ಜೋತಾಡುತ್ತವೆ, ತೊಟ್ಟು ಹಾಲಿಲ್ಲ. ನನ್ನ ಅವ್ವ ಯಾರಿಗಾದರೂ ನನ್ನ ಗುಣಗಾನ ಮಾಡಬೇಕಾದಾಗ ಈ ಮೊಲೆಯನ್ನೇ ನೆನೆಯುವುದರಿಂದ, ಆ ವಿಷಯವನ್ನು ನಾನು ಹೆಚ್ಚು ಕೆದಕುವುದಿಲ್ಲ.

ಆದರೆ ರೇಷ್ಮೆಹುಳುವಿನಷ್ಟು ಎಡವಟ್ಟು ಜೀವ ಇನ್ನೊಂದಿಲ್ಲ. ಹಲಗೂರಿನ ಹತ್ತಿರದ ನಮ್ಮೂರಿನಲ್ಲಿ ಅವ್ವ ಹುಳು ಸಾಕುತ್ತಾಳೆ. ನಾನು ಮಳವಳ್ಳಿಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ನಕಲು ತೆಗೆಯುವುದರಲ್ಲಿ ಮಾತ್ರ ನನಗೆ ಹುಟ್ಟುಗುಣ ಇದೆ ಎನ್ನುತ್ತಾಳೆ ಅವ್ವ. ಈ ಹುಳು ಇಪ್ಪತ್ತೈದು ದಿನ ಹಗಲು ರಾತ್ರಿ ಹಿಪ್ಪುನೇರಳೆ ಸೊಪ್ಪು ತಿನ್ನುತ್ತದೆ. ಮೈ ಬೆಳೆದರೂ ಚರ್ಮ ಬೆಳೆಯುವುದಿಲ್ಲವಾದ್ದರಿಂದ ನಾಲ್ಕು ಸಲ ಜ್ವರಕ್ಕೆ ಬೀಳುತ್ತದೆ, ಅಂದರೆ ಊಟ ಬಿಟ್ಟು, ತಲೆಯೆತ್ತಿ ನಿದ್ದೆ ಹೋಗಿ, ಹಳೇ ಚರ್ಮ ಕಳಚಿಕೊಂಡು ಏಳುತ್ತದೆ. ಇಷ್ಟೆಲ್ಲ ಪಾಡುಪಟ್ಟು ಗೂಡು ಕಟ್ಟಿ, ಚಿಟ್ಟೆಯಾಗಿ ಹೊರಬಂದರೆ ಏನಿದೆ? ರೆಕ್ಕೆ ಇದೆ, ಹಾರಲಾರದು. ಹೊಟ್ಟೆ ಇದೆ, ತಿನ್ನಲು ಬಾಯಿಲ್ಲ. ಇನ್ನೂ ಒಂದು ಐಬೆಂದರೆ, ಹುಳುಗಳೆಲ್ಲ ಒಟ್ಟಿಗೇ ಹಣ್ಣಾಗುತ್ತವೆ. ಬೆಳಗ್ಗೆ ಸುಮ್ಮನಿದ್ದವು ಮಧ್ಯಾಹ್ನದೊಳಗೆ ಹಳದಿಗಟ್ಟಿ, ತಲೆಯಾಡಿಸುತ್ತ ಗೂಡು ಕಟ್ಟಲು ಜಾಗ ಹುಡುಕುತ್ತವೆ. ಆಗ ಒಂದೊಂದನ್ನೂ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ತಟ್ಟಿಗೆ, ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿ ಅವೂ ಹಾಳು, ನಾವೂ ಹಾಳು. ಅದಕ್ಕೇ ನಮ್ಮಲ್ಲಿ ಮುಯ್ಯಾಳಿನ ಪದ್ಧತಿ. ಇವತ್ತು ನಿಮ್ಮ ಮನೆ ಹುಳು ಆರಿಸಲು ನಾವು ಬಂದರೆ, ನಾಳೆ ನಮ್ಮ ಮನೆಗೆ ನೀವು.

ಹೋದ ತಿಂಗಳ ಒಂದು ಭಾನುವಾರ ನಮ್ಮ ಹುಳು ಹಣ್ಣಾದವು. ಹತ್ತು ಗಂಟೆಯಾದರೂ ಒಬ್ಬ ಮುಯ್ಯಾಳೂ ಬರಲಿಲ್ಲ. ಕಾರಣ ನಾನೇ. ಹಿಂದಿನ ವಾರ ಮದ್ದೂರಿನಲ್ಲೊಂದು ಬೀಗರೂಟ. ಬಾಡಿನ ತುಂಡು ಬಡಿಸುವುದು ತಡವಾಯಿತೆಂದು, ಹಸಿದವರ ಮನರಂಜನೆಗಾಗಿ ನಾನು ನಮ್ಮ ಬೀದಿಯವರನ್ನೆಲ್ಲ ಸಾಲಾಗಿ ಅಣಕಿಸಿ ತೋರಿಸಿದ್ದೆ. ಯಾರೋ ಪುಣ್ಯಾತ್ಮರು ಅದನ್ನು ಮೊಬೈಲಿನಲ್ಲಿ ಹಿಡಿದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ನನ್ನ ಬಾಯಿಗೆ ಇದು ಹೊಸದಲ್ಲ. ಮಳವಳ್ಳಿಯಿಂದ ನನ್ನನ್ನು ನೋಡಲು ಬಂದಿದ್ದ ಹೆಣ್ಣಿನ ಕಡೆಯವರು ಅರ್ಧ ಕಾಫಿಗೇ ಎದ್ದುಹೋಗಿದ್ದೂ, ಹೆಣ್ಣಿನ ಸೋದರಮಾವ ಸೀನುವ ರೀತಿಯನ್ನು ನಾನು ಅವರೆದುರೇ ಸೀನಿ ತೋರಿಸಿದ್ದರಿಂದ.

ಅವ್ವ ಬೈಯಲೂ ಪುರುಸೊತ್ತಿಲ್ಲದೆ ಹುಳು ಆರಿಸುತ್ತಿದ್ದಳು. ಒಂದೇ ಮಾತು ಹೇಳಿದಳು: “ನೀನ್ ಕೆಡಿಸಿದ್ದು, ನೀನೇ ಓಗಿ ಸರಿ ಮಾಡು. ಸಂದೆ ಒತ್ಗೆ ಉಳ ಚಂದ್ರಿಕೆ ಅತ್ತದಿದ್ರೆ ನೀನ್ ಈ ಮನೆ ಮೆಟ್ಲು ಅತ್ಬ್ಯಾಡ.”

ನಾನು ನೇರವಾಗಿ ಕೆಂಪಮ್ಮ ದೊಡ್ಡವ್ವನ ಜಗುಲಿಗೆ ಹೋದೆ. ಆಕೆ ಎದ್ದರೆ ಇಡೀ ಬೀದಿ ಏಳುತ್ತದೆ, ಕೂತರೆ ಕೂರುತ್ತದೆ. ಅವತ್ತು ಕೂತಿದ್ದಳು. ಮುಖ ನೋಡದೆ ಅವರೆಕಾಯಿ ಸುಲಿಯುತ್ತ, ತನ್ನದು ಬಟನ್ ಫೋನು, ಅದರಲ್ಲಿ ನನ್ನ ಆಟ ಬರಲಿಲ್ಲ, ಬಂದವರೆಲ್ಲ ಹೇಳಿ ನಕ್ಕು ಹೋದರು ಎಂದಳು. ಆಮೇಲೆ ಕಾಯಿ ಕೆಳಗಿಟ್ಟಳು.

“ಆಡ್ಲಾ, ನೋಡಾನ. ನಾನ್ ಎಂಗೆ ಅಂತ.”

ಹೆಗಲ ಮೇಲಿನ ಟವೆಲ್ಲನ್ನೇ ಸೆರಗು ಮಾಡಿಕೊಂಡೆ. ಎರಡು ಸಲ ಕೆಮ್ಮಿ, ಸೆರಗು ಸರಿಮಾಡಿಕೊಂಡಂತೆ ಮಾಡಿ, “ನಾನ್ ಯಾರ್ ಸುದ್ದೀಗೂ ಓಗಕಿಲ್ಲ ಕಣಮ್ಮ, ಆದ್ರೂ…” ಎಂದೆ. ಅಷ್ಟಕ್ಕೇ ನಿಲ್ಲಿಸಿದೆ. ಆ ‘ಆದ್ರೂ’ ಆದಮೇಲೆ ದೊಡ್ಡವ್ವ ಅರ್ಧ ಗಂಟೆ ಊರಿನ ಸುದ್ದಿಯನ್ನೆಲ್ಲ ಹೇಳುತ್ತಾಳೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ದೊಡ್ಡವ್ವ ನಗಲಿಲ್ಲ. “ಕೆಮ್ಮು ಮೂರ್ ಸಲ ಕಣ್ಲಾ. ಎಲ್ಡಲ್ಲ,” ಎಂದು ಎದ್ದಳು. “ಬತ್ತೀವಿ ನಡಿ. ಒಂದ್ ಮಾತು. ಕಡೇ ಉಳ ಚಂದ್ರಿಕೆ ಅತ್ತೋಗಂಟ ನೀನ್ ಬಾಯ್ ಬುಡಂಗಿಲ್ಲ.”

ನನ್ನದೇ ಟವೆಲ್ಲಿನಿಂದ ನನ್ನ ಬಾಯಿ ಕಟ್ಟಿದರು. ಎಂಟು ಜನ ಕಾಲು ತೊಳೆದು ಹುಳುಮನೆಯೊಳಕ್ಕೆ ಬಂದು ಹುಳುವಿನ ತಟ್ಟೆಗಳ ಮುಂದೆ ಕೂತರು. ಕೈಗಳು ಹುಳು ಆರಿಸತೊಡಗಿದವು. ಆಗ ದೊಡ್ಡವ್ವ ಸೊಪ್ಪಿನ ಗೋಣಿಯ ಮೇಲೆ ಒರಗಿ, ಕಿವಿಗೊಂದು ಸೊಪ್ಪಿನ ಕಡ್ಡಿ ಹಿಡಿದು, ಹುಬ್ಬು ಮೇಲೆತ್ತಿ ಶುರುಮಾಡಿದಳು: “ಹೌದು ಸಾರ್. ಖಂಡಿತ ಸಾರ್. ಹೊರಟೇಬಿಟ್ಟೆ ಸಾರ್, ಬಸ್ಸಿನಲ್ಲೇ ಇದ್ದೇನೆ ಸಾರ್.” ಅದು ನಾನು. ಬೆಳಗ್ಗೆ ಕಂಬಳಿಯೊಳಗೆ ಮಲಗಿಕೊಂಡೇ ಅಂಗಡಿ ಮಾಲೀಕರೊಂದಿಗೆ ಮಾತಾಡುವ ನಾನು. ಹುಟ್ಟಿದಾಗಿನಿಂದ ನಾಲಿಗೆಗೆ ಹತ್ತದ ಹಕಾರವನ್ನು ದೊಡ್ಡವ್ವ ನನಗೋಸ್ಕರ ಒಂದೂ ಬಿಡದೆ ಉಚ್ಚರಿಸಿದಳು. ಮಾಲೀಕರ ಫೋನು ಇಟ್ಟಮೇಲೆ ನಾನು ಮಗ್ಗುಲು ಬದಲಿಸಿ ಗೊರಕೆ ಹೊಡೆಯುವುದನ್ನೂ ಬಿಡಲಿಲ್ಲ. ಎಲ್ಲರೂ ನಕ್ಕರು. ಅವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು, ಕೈ ಮಾತ್ರ ನಿಲ್ಲಿಸಲಿಲ್ಲ. ನನ್ನೊಳಗೆ ಹನ್ನೆರಡು ಉತ್ತರ ಹಣ್ಣಾಗಿ ತಲೆಯಾಡಿಸುತ್ತಿದ್ದವು, ಬಿಡಲು ಚಂದ್ರಿಕೆಯೇ ಇಲ್ಲ. ಹೊತ್ತು ಮುಳುಗುವ ಮೊದಲೇ ಕಡೆಯ ಹುಳು ಹತ್ತಿತು.

ಬೆಳೆ ಚೆನ್ನಾಗಿಯೇ ಬಂತು. ಗೂಡು ಬಿಡಿಸಿ ಮಾರಿದಮೇಲೆ ಚಂದ್ರಿಕೆಯೊಂದರ ಮೂಲೆಯಲ್ಲಿ ಎರಡು ಗೂಡು ಮರೆತು ಉಳಿದಿದ್ದವು. ಒಂದು ಬೆಳಗ್ಗೆ ನೋಡಿದರೆ ಎರಡು ಬಿಳಿ ಚಿಟ್ಟೆ, ಒಂದಕ್ಕೊಂದು ಬೆನ್ನು ಮಾಡಿ ಅಂಟಿಕೊಂಡು ಕೂತಿವೆ. ನಾನು ಅವ್ವನನ್ನು ಕರೆದು ದೇವರ ತಪ್ಪನ್ನು ಬೊಟ್ಟುಮಾಡಿ ತೋರಿಸಿದೆ. ಬಾಯಿ ಕೊಡುವುದನ್ನೇ ಮರೆತಿದ್ದಾನೆ, ಪಾಪ, ಈ ಜೀವ ಹೇಗೆ ಬಾಳಬೇಕು ಎಂದೆ.

ಅವ್ವ ಬಗ್ಗಿ ನೋಡಿದಳು. “ಮರ್ತಿಲ್ಲ ಬುಡು. ಈಚ್ಗೆ ಬಂದ್ ದಿನಾನೇ ಜೋಡಿ ಆಗದೆ. ನಿನ್ಗೆ ಇಪ್ಪತ್ತೆಂಟು.”

ಇದಕ್ಕೂ ನನ್ನ ಹತ್ತಿರ ಒಳ್ಳೆಯ ಉತ್ತರವಿತ್ತು, ಅದೂ ಅವ್ವನದೇ ದನಿಯಲ್ಲಿ. ಆದರೆ ಬರುವ ಭಾನುವಾರ ಮಂಡ್ಯದ ಕಡೆಯಿಂದ ಯಾರೋ ನನ್ನನ್ನು ನೋಡಲು ಬರುವವರಿದ್ದಾರೆ. ಬಾಯಿ ಕಟ್ಟಿದ್ದ ಆ ಟವೆಲ್ಲನ್ನು ಒಗೆದು ಒಣಹಾಕಿದ್ದೇನೆ.