ತಿಪಟೂರಿನ ಕಿವಿಗಳಿಗೆ ಇಯರ್‌ಫೋನ್ ಕೂರಿಸಿದ್ದು

ಕಿವಿಗೆ ಸಂಬಂಧಪಟ್ಟ ವ್ಯಾಪಾರ ಹಿಡಿದವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ, ಅದೇ ಮೆಟ್ಟಿಲು ಹತ್ತಿ ಬರುತ್ತದೆ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಇಯರ್‌ಫೋನ್ ಅಂಗಡಿ. ಬಸ್ ಸ್ಟ್ಯಾಂಡಿನಲ್ಲಿ ಗೊಂಚಲು ಗೊಂಚಲಾಗಿ ನೇತುಹಾಕಿ ಮಾರುವ ಅಗ್ಗದ ಮಾಲೂ ಸ್ವಲ್ಪ ಇಟ್ಟಿದ್ದೇನೆ. ಆದರೆ ನನ್ನ ಪ್ರೀತಿಯೆಲ್ಲ ನಡುವಿನ ಬೆಲೆಯವುಗಳ ಮೇಲೆ. ಅವುಗಳ ವೈರು ಕಿವಿಯ ಮೇಲಿಂದ ಹಿಂದಕ್ಕೆ ಬಳಸಿ ಬರುತ್ತದೆ, ತುದಿಯ ರಬ್ಬರ್ ಟೋಪಿ ಕಿವಿಯೊಳಗೆ ಬಿರಡೆಯ ಹಾಗೆ ಕೂರುತ್ತದೆ. ಸರಿಯಾಗಿ ಕೂತರೆ ಹಾಡುವವರು ಎದುರಿಗೇ ಇದ್ದಾರೆ ಅನ್ನಿಸುತ್ತದೆ. ಕೂರದಿದ್ದರೆ ಪಕ್ಕದೂರಿನಲ್ಲಿ ಹಾಡುತ್ತಿದ್ದಾರೆ ಅನ್ನಿಸುತ್ತದೆ.

ಅಂಗಡಿಯ ಜಾಗ ನನ್ನ ಸೋದರಮಾವನದು. ಅವರು ಕೊಬ್ಬರಿ ವ್ಯಾಪಾರಿ, ಬಿಳಿಗೆರೆಯಲ್ಲಿ ತೆಂಗಿನ ತೋಟವೂ ಇದೆ. ಚೀಲ ಇಡುತ್ತಿದ್ದ ಕೋಣೆಯನ್ನು ನನಗೆ ಬಿಟ್ಟುಕೊಡುವಾಗಲೇ ಹೇಳಿದ್ದರು, "ಗೌರಿ ಹಬ್ಬದ ತಂಕ ನೋಡ್ತೀನಿ ಕಣಮ್ಮ. ಜನ ಬಂದ್ರೆ ಸರಿ. ಬರ್ಲಿಲ್ಲಾಂದ್ರೆ ಮತ್ತೆ ಚೀಲ ಹಾಕ್ಕಂತೀನಿ." ಹಬ್ಬದೊಳಗೆ ಜನ ಬರಬೇಕು, ಇಲ್ಲದಿದ್ದರೆ ಅಂಗಡಿ ಹೋಗುತ್ತದೆ. ಎದೆಯಲ್ಲಿ ಅದೊಂದು ಭಯ ಇಟ್ಟುಕೊಂಡೇ ನಾನು ದಿನಾ ಬಾಗಿಲು ತೆಗೆಯುತ್ತಿದ್ದೆ.

ಓಲೆಯ ಪಕ್ಕದಲ್ಲಿ

ಮೊದಲು ಬಂದದ್ದು ಮದುವೆ ಊಟ ಮುಗಿಸಿಕೊಂಡು ಬಂದ ಬಿಳಿಗೆರೆಯ ಒಬ್ಬ ವಯಸ್ಸಾದ ಅಮ್ಮ. ಮೊಬೈಲಿನಲ್ಲಿ ವಚನ ಕೇಳಲು ಬೇಕು ಎಂದರು. ಕೂರಿಸಲು ಹೋದರೆ ಜಾಗವೇ ಇಲ್ಲ! ಕಿವಿಯಲ್ಲಿ ಓಲೆ, ಓಲೆಯಿಂದ ಹೊರಟ ಮಾಟಿಯ ಸರಪಳಿ ಕಿವಿಯ ಮೇಲೆ ಹಾದು ಕೂದಲಿಗೆ ಸಿಕ್ಕಿಕೊಂಡಿತ್ತು. ನನ್ನ ವೈರು ಹಾಯಬೇಕಾದ ದಾರಿಯೂ ಅದೇ.

"ಸ್ವಲ್ಪ ಮಾಟಿ ಬಿಚ್ತೀರಾಮ್ಮ?" ಎಂದೆ.

"ನಮ್ಮತ್ತೆ ಹಾಕಿದ್ದು ಕಣವ್ವ, ನಾನು ಬಿಚ್ಚಲ್ಲ. ನಿನ್ ವೈರ್ನೇ ಅಡ್ಜಸ್ಟ್ ಮಾಡು."

ಬೇರೆ ದಾರಿ ಕಾಣದೆ ವೈರನ್ನು ಮಾಟಿಗೇ ಒಂದು ಸುತ್ತು ಸುತ್ತಿದೆ. ನಂಬುತ್ತೀರೋ ಇಲ್ಲವೋ, ಅಷ್ಟು ಭದ್ರವಾಗಿ ಯಾರ ಕಿವಿಯಲ್ಲೂ ಅದು ಕೂತಿರಲಿಲ್ಲ. ಆ ಅಮ್ಮ ತಲೆಯಾಡಿಸಿದರು, ಬಗ್ಗಿದರು, ಅಂಗಡಿಯಲ್ಲೇ ಕಸ ಗುಡಿಸುವ ಹಾಗೆ ಮಾಡಿ ನೋಡಿದರು. ಅಲುಗಾಡಲಿಲ್ಲ. ಖುಷಿಯಿಂದ ತೆಗೆದುಕೊಂಡು ಹೋದರು. ಮುಂದಿನ ವಾರ ಬೈಕಿನಲ್ಲಿ ಕೇಳಿದರೆ ಬಿದ್ದುಹೋಗುತ್ತದೆ ಎಂದು ದೂರುತ್ತಾ ಒಬ್ಬ ಯುವಕ ಬಂದ. ಓಡಿಸುವಾಗ ಕೇಳಬೇಡಪ್ಪ ಎಂದು ಬುದ್ಧಿ ಹೇಳಿದೆ. ಅವನು ತಲೆ ಕೆರೆದುಕೊಂಡು, "ಅದ್ಸರಿ ಅಕ್ಕ, ಬಿಳಿಗೆರೆ ಅಜ್ಜಿಗೆ ಕೊಟ್ರಂತಲ್ಲ, ಆ ಚೈನಿರೋ ಮಾಡಲ್ ಗಂಡಸ್ರಿಗೆ ಬಂದಿಲ್ವಾ?" ಎಂದ.

ಹಾಡುವವನು ಎಲ್ಲಿದ್ದಾನೆ

ನನ್ನ ಅಂಗಡಿಯ ಎದುರಿಗೆ ಮೆಸ್ ನಡೆಸುವ ಅಕ್ಕನಿಗೆ ನಾನು ಎಷ್ಟು ಋಣಿ ಎಂದು ಹೇಳಿ ಮುಗಿಸಲಾರೆ. ಯಾವ ಮಾಲು ಹೇಗಿದೆ ಎಂದು ಇಂಟರ್ನೆಟ್ಟಿನಲ್ಲಿ ಪುಟಗಟ್ಟಲೆ ಬರೆಯುತ್ತಾರೆ. ಓದಿದರೆ ನನಗೇ ನಿದ್ದೆ ಬರುತ್ತದೆ, ಗಿರಾಕಿಗೆ ಏನು ಹೇಳಲಿ? ಒಂದು ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತರು. ಹೊಸದಾಗಿ ಬಂದದ್ದನ್ನು ಕಿವಿಗಿಟ್ಟು ಒಂದು ಜಾನಪದ ಗೀತೆ ಹಾಕಿದೆ. ಕಣ್ಣು ಮುಚ್ಚಿ ಕೇಳಿದರು.

"ತಮಟೆಯೋನು ಹಜಾರದಲ್ಲಿ ಮಧ್ಯಕ್ಕೆ ಕುಂತವ್ನೆ ಕಣೇ. ಹಾಡೋನು ಪಾಪ ಅಡುಗೆಮನೇಲವ್ನೆ."

ಇನ್ನೊಂದು ಕೊಟ್ಟೆ.

"ಇದ್ರಲ್ಲಿ ಹಾಡೋನೂ ಹಜಾರಕ್ಕೆ ಬಂದ. ಆದ್ರೆ ಕಂಚಿನ ತಾಳ ಕಣ್ಣಿಗೆ ಒಗ್ಗರಣೆ ಸಿಡಿದಂಗೈತೆ."

ಮೂರನೆಯದನ್ನು ಕೊಟ್ಟೆ. ಹಾಡು ಮುಗಿಯುವವರೆಗೂ ಕೂತಿದ್ದು, ತೆಗೆದು ನನ್ನ ಕೈಗಿಟ್ಟು, "ಎಲ್ರಿಗೂ ಎಲೆ ಹಾಕವ್ರೆ" ಎಂದು ಎದ್ದು ಹೋದರು.

ಅಕ್ಕನ ಮಾತನ್ನೇ ಚೀಟಿಯಲ್ಲಿ ಬರೆದು ಒಂದೊಂದರ ಮುಂದೆ ಅಂಟಿಸಿದೆ. ಅಂದಿನಿಂದ ಗಿರಾಕಿಗಳಿಗೆ ವಿವರಿಸುವ ಕಷ್ಟವೇ ತಪ್ಪಿತು. ಕಾಲೇಜಿನ ಹುಡುಗಿಯರು ಬಂದು, "ಎಲ್ರಿಗೂ ಎಲೆ ಹಾಕಿರೋದು ಕೊಡಿ ಆಂಟಿ" ಎನ್ನತೊಡಗಿದರು. ಒಬ್ಬ ಯಜಮಾನರು ಮಾತ್ರ ಎಲ್ಲ ಚೀಟಿಗಳನ್ನೂ ಕನ್ನಡಕ ಹಾಕಿಕೊಂಡು ಓದಿ, ಬೆಲೆಯನ್ನೂ ಓದಿ, "ನಂಗೆ ಹಾಡೋನು ಅಡುಗೆಮನೇಲಿದ್ರೂ ನಡೀತದೆ, ಹಿತ್ತಲಲ್ಲಿದ್ರೂ ನಡೀತದೆ. ಕಮ್ಮಿದು ಕೊಡಮ್ಮ" ಎಂದರು.

ಇಳಿಯಬೇಕಾದ ಸ್ಟೇಷನ್

ಅಮ್ಮಸಂದ್ರದಿಂದ ತಿಪಟೂರಿಗೆ ದಿನಾ ರೈಲಿನಲ್ಲಿ ಕೆಲಸಕ್ಕೆ ಬರುವವರೊಬ್ಬರು ನನ್ನಲ್ಲಿ ಒಂದು ಜೊತೆ ಕೊಂಡರು. ಹೊರಗಿನ ಸದ್ದು ಒಳಗೆ ಬರಲೇಬಾರದು ಎಂದು ಅವರ ಷರತ್ತು. ಎಲ್ಲ ಅಳತೆಯ ರಬ್ಬರ್ ಟೋಪಿಗಳನ್ನೂ ಹಾಕಿ ನೋಡಿ, ಕೊನೆಗೆ ಹೊರಗೆ ನಿಂತ ಲಾರಿಯ ಹಾರ್ನ್ ಕೂಡ ಕೇಳದಷ್ಟು ಬಿಗಿಯಾಗಿ ಕೂರಿಸಿ ಕಳಿಸಿದೆ.

ಎರಡು ದಿನ ಬಿಟ್ಟು ಅವರು ಮುಖ ಗಂಟು ಹಾಕಿಕೊಂಡು ಮೆಟ್ಟಿಲು ಹತ್ತಿದರು. "ಏನ್ರೀ ಕೊಟ್ಟಿದ್ದೀರ? ಸಂಜೆ ಊರಿಗೆ ಹೋಗ್ವಾಗ ಅಮ್ಮಸಂದ್ರ ಬಂದದ್ದೂ ಗೊತ್ತಾಗ್ಲಿಲ್ಲ, ಹೋದದ್ದೂ ಗೊತ್ತಾಗ್ಲಿಲ್ಲ. ಕಣ್ಣು ಬಿಟ್ರೆ ಗುಬ್ಬಿ!"

ನಾನು ವಾಪಸ್ ತೆಗೆದುಕೊಳ್ಳಲು ಕೈ ಚಾಚಿದೆ. ಅವರು ಕೊಡಲಿಲ್ಲ, ಸ್ಟೂಲ್ ಎಳೆದುಕೊಂಡು ಕೂತು ಮುಂದಿನದನ್ನು ಹೇಳಿದರು. ಗುಬ್ಬಿ ಅವರ ಹೆಂಡತಿಯ ತವರು. ಯಾವುದೋ ಹಳೇ ಮಾತಿಗೆ ಅಳಿಯ ಮಾವ ಮುಖ ನೋಡುವುದನ್ನೇ ಬಿಟ್ಟಿದ್ದರು. ಇವರು ಗಾಬರಿಯಿಂದ ಪ್ಲಾಟ್‌ಫಾರಮ್ಮಿಗೆ ಇಳಿದರೆ ಎದುರಿಗೇ ಮಾವ, ಯಾರನ್ನೋ ರೈಲು ಹತ್ತಿಸಲು ಬಂದವರು. ಅಳಿಯ ತಾನಾಗಿಯೇ ಬಂದ ಎಂದುಕೊಂಡು ಅವರು ಕೈಹಿಡಿದು ಕಣ್ಣೀರು ಹಾಕಿದರಂತೆ. ತಪ್ಪಿ ಇಳಿದೆ ಎಂದು ಹೇಳಲು ಇವರಿಗೆ ಬಾಯೇ ಬರಲಿಲ್ಲ. ಮಾವ ಮನೆಗೆ ಕರೆದುಕೊಂಡು ಹೋಗಿ ಹೋಳಿಗೆ ಊಟ ಹಾಕಿಸಿದರಂತೆ.

ಕೇಳುತ್ತಾ ನನಗೂ ಕಣ್ಣು ತುಂಬಿತು. "ಒಳ್ಳೇದಾಯ್ತಲ್ಲ ಬಿಡಿ" ಎಂದೆ.

"ಆಯ್ತು ಕಣ್ರೀ. ಅದ್ಕೇ ಇನ್ನೊಂದು ಜೊತೆ ಕೊಡಿ, ನಮ್ ಮಾವಂಗೆ. ಕರೆದ್ರೆ ಬರೋ ಮನುಷ್ಯ ಅಲ್ಲ. ಅವ್ರೂ ಒಂದಿನ ಹಿಂಗೇ ತಪ್ಪಿ ನಮ್ಮೂರಲ್ಲಿ ಇಳೀಲಿ."

ಆಗೈತೆ, ಆಗಿಲ್ಲ

ಇಷ್ಟೆಲ್ಲ ಆದರೂ ಗೌರಿ ಹಬ್ಬದ ಹಿಂದಿನ ದಿನ ನನ್ನ ಸೋದರಮಾವ ಬಂದೇಬಿಟ್ಟರು. ಅವರು ಬಂದ ಹೊತ್ತಿಗೇ ಅಂಗಡಿ ಖಾಲಿ ಇರಬೇಕೆ! ಹಿಂದೆಯೇ ಹಮಾಲಿ ಕೊಬ್ಬರಿ ಚೀಲಗಳನ್ನು ತಂದು ಮೆಟ್ಟಿಲ ಮೇಲೆ ಇಳಿಸಿದ. ನಾನು ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ಒಂದೇ ಒಂದ್ಸಲ ನೀವೇ ಕೇಳಿ ನೋಡಿ ಮಾವ. ಚೆನ್ನಾಗಿಲ್ಲ ಅಂದ್ರೆ ಇವತ್ತೇ ಖಾಲಿ ಮಾಡ್ತೀನಿ."

ಮಾವ ಒಪ್ಪಿದರು. ಒಪ್ಪಿ ಏನು ಮಾಡಿದರು ಗೊತ್ತೆ? ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು! ನಮ್ಮ ಕಡೆ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಹಾಕಿರುತ್ತಾರೆ. ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಾಗ, ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಹಾಗಂದರೆ ಆಗಿದೆ, ಅನ್ನದಿದ್ದರೆ ಆಗಿಲ್ಲ. ಜೀವಮಾನವೆಲ್ಲ ಅದನ್ನೇ ಕೇಳಿದ ಕಿವಿ ಅವರದು. ಲೊಡಲೊಡ ಎಂದ ಅಗ್ಗದ ಪ್ಲಾಸ್ಟಿಕ್ ಡಬ್ಬಿಗಳನ್ನು ಬಲಗಡೆಗಿಟ್ಟರು. ಸ್ಪಂಜಿನಲ್ಲಿ ಬಿಗಿಯಾಗಿ ಕೂತ ನನ್ನ ಒಳ್ಳೆಯ ಮಾಲನ್ನೆಲ್ಲ ಎಡಗಡೆಗೆ ತಳ್ಳಿ, "ಇವು ಇನ್ನೂ ಆಗಿಲ್ಲ ಕಣಮ್ಮ" ಎಂದರು.

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅವರ ಕೈಚೀಲದಲ್ಲಿದ್ದ ಎರಡು ಕಾಯಿ ಕಣ್ಣಿಗೆ ಬಿತ್ತು. ಒಂದು ಪೂರ್ತಿ ಒಣಗಿದ್ದು. ಇನ್ನೊಂದರಲ್ಲಿ ಗುಟುಕು ನೀರು ಉಳಿದಿದೆಯಂತೆ. ತೋಟದ ಆಳು ಎರಡೂ ಆಗಿದೆ ಎಂದನೆಂದು, ಅವನ ಮುಂದಿಟ್ಟು ಬೈಯಲು ತಂದಿದ್ದರು. ಮಂಡಿನೋವಿನಲ್ಲೂ ಅಟ್ಟ ಹತ್ತಿ ಒಂದೊಂದು ಕಾಯಿಯನ್ನೂ ತಾವೇ ಕೇಳುತ್ತಿದ್ದರು, ಇನ್ನೊಬ್ಬರ ಕಿವಿಯನ್ನು ನಂಬುವವರಲ್ಲ.

ನಾನು ಆ ಕಾಯಿಗಳನ್ನು ತೆಗೆದುಕೊಂಡು ಅವರಿಗೆ ಬೆನ್ನು ಹಾಕಿ ನಿಂತು, ಒಂದಾದ ಮೇಲೊಂದನ್ನು ಅಲ್ಲಾಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಮೊದಲು ಬಲಗಡೆಯ ಡಬ್ಬಿಯದನ್ನೇ ಕಿವಿಗೆ ಕೊಟ್ಟು ಆ ಸದ್ದು ಹಾಕಿದೆ.

"ಎರಡೂ ಒಂದೇ. ಹುಣಸೆಬೀಜ ಅಲ್ಲಾಡಿಸ್ದಂಗೈತೆ, ಬುಡು."

ಆಮೇಲೆ ಎಡಗಡೆಯದು. ಅವರ ಕಿವಿಯ ಕೂದಲು ಸರಿಸಿ, ದೊಡ್ಡ ಟೋಪಿ ಹಾಕಿ, ವೈರನ್ನು ಹಿಂದಕ್ಕೆ ಬಳಸಿ ಕೂರಿಸಿದೆ. ಮತ್ತೆ ಅದೇ ಸದ್ದು ಹಾಕಿದೆ. ಮಾವ ಉಸಿರು ಬಿಗಿಹಿಡಿದು ಕೇಳಿದರು. ಹುಬ್ಬು ಮೇಲಕ್ಕೇರಿತು.

"ಮೊದ್ಲನೇದ್ರಲ್ಲಿ ನೀರೈತೆ! ಎರಡನೇದು ಆಗೈತೆ!" ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ಎರಡೂ ನಿಜ. ಆ ಉತ್ಸಾಹದಲ್ಲೇ ಹೊರಗೆ ತಿರುಗಿ, "ಎತ್ಲಾ ಚೀಲನ!" ಎಂದರು.

"ಒಳಕ್ಕಾ ಯಜಮಾನ್ರೇ, ಆಚೆಗಾ?" ಹಮಾಲಿ ಕೇಳಿದ.

ಮಾವನಿಗೆ ಕೇಳಿಸಲೇ ಇಲ್ಲ. ಕಿವಿ ಎರಡೂ ಬಂದ್! ತಲೆಯಾಡಿಸುತ್ತಾ ಕಾಯಿಯ ಸದ್ದು ಸವಿಯುತ್ತಿದ್ದರು. ಹಮಾಲಿ ಚೀಲವನ್ನು ಬೆನ್ನಿಗೇರಿಸಿ ಹೊಸ್ತಿಲಿನ ಮೇಲೆ ನಿಂತು ಮತ್ತೆ ಕೇಳಿದ, ಮತ್ತೂ ಕೇಳಿದ. ಅಷ್ಟು ಚೆನ್ನಾಗಿ ಕೂರಿಸಿದ್ದಕ್ಕೆ ನನ್ನನ್ನೇ ಬೈದುಕೊಂಡು ಒಂದು ಕಿವಿಯದನ್ನು ಕಿತ್ತೆ.

"ಆಚೆಗೆ ಕಣ್ಲಾ!" ಎಂದರು ಮಾವ. "ಇಷ್ಟ್ ಸತ್ಯ ಹೇಳೋ ಸಾಮಾನು ಇಟ್ಕಂಡವ್ಳೆ ನನ್ ಸೊಸೆ, ಎಲ್ಲಿಗ್ ಕಳಿಸ್ಲಿ?"

ನಾನು ಅಲ್ಲೇ ಅವರ ಕಾಲಿಗೆ ನಮಸ್ಕಾರ ಮಾಡಿದೆ. ಅವರಿಗೂ ಅಟ್ಟ ಹತ್ತುವ ಕಷ್ಟ ತಪ್ಪಿತು. ಆಳು ಬಿಳಿಗೆರೆಯಿಂದ ಕಾಯಿಯ ಸದ್ದನ್ನು ಮೊಬೈಲಿಗೆ ಕಳಿಸುತ್ತಾನೆ, ಮಾವ ನನ್ನ ಕುರ್ಚಿಯಲ್ಲಿ ಕೂತು ಕೇಳಿ, "ಆಗೈತೆ! ಆಗಿಲ್ಲ, ಅಟ್ಟಕ್ಕಾಕು!" ಎಂದು ತಾರಕಸ್ವರದಲ್ಲಿ ಉತ್ತರ ಕಳಿಸುತ್ತಾರೆ. ಏನು ಗಲಾಟೆ ಎಂದು ಇಣುಕಲು ಬಂದವರು ಒಂದು ಜೊತೆ ಕೊಂಡೇ ಹೋಗುತ್ತಾರೆ.

ಮೊನ್ನೆ ಒಬ್ಬ ಹೊಸ ಗಿರಾಕಿ ಅವರನ್ನೇ ನೋಡುತ್ತಾ ನಿಂತು, ಮೆಲ್ಲಗೆ ಕೇಳಿದರು, "ಯಾರಮ್ಮ ಅವ್ರು?"

"ಜಾಗದ ಯಜಮಾನ್ರು. ಈ ಅಂಗಡಿ ಕೊಬ್ಬರಿ ವ್ಯಾಪಾರಕ್ಕೆ ಬೇಕು ಅಂತಿದ್ರು."

"ಅಯ್ಯೋ, ಆಮೇಲೆ?"

"ತಗೊಂಡ್ರು," ಎಂದೆ. "ಜೊತೆಗೆ ನನ್ಗೂ ಒಂದು ಮೂಲೆ ಬಿಟ್ಕೊಟ್ರು, ಪುಣ್ಯಾತ್ಮರು."