ಸ್ಕೂಟರಿನ ಥಿನ್ನರ್, ಗೊಂಬೆ ಮೆಟ್ಟಿಲಿನ ವಿಮಾನ

ವಯಸ್ಸಾದಂತೆ ಬುದ್ಧಿ ಬಲಿಯುತ್ತದೆ ಎನ್ನುವವರು ನನ್ನನ್ನು ನೋಡಿದವರಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ಶ್ರೀನಿವಾಸಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನಗೆ, ಕಿವಿಯ ಪಕ್ಕ ಕೂದಲು ನರೆಯುವ ಕಾಲಕ್ಕೆ ಪ್ಲಾಸ್ಟಿಕ್ ವಿಮಾನದ ಹುಚ್ಚು ಹಿಡಿಯಿತು. ಬೆಂಗಳೂರಿನಿಂದ ತಂದ ಬಿಡಿ ತುಂಡುಗಳನ್ನು ಅಂಟಿಸಿ, ಅಂಗೈ ಮೇಲೆ ಕೂರುವಂಥ ಯುದ್ಧವಿಮಾನ ಮಾಡಿದ್ದೆ. ನವರಾತ್ರಿಗೆ ಅದು ಗೊಂಬೆಗಳ ನಡುವೆ ಕೂರಬೇಕು, ಬಂದವರೆಲ್ಲ ನೋಡಬೇಕು ಎಂಬುದೊಂದೇ ನನ್ನ ಆಸೆ. ಆದರೆ ಗೊಂಬೆ ಮೆಟ್ಟಿಲು ನನ್ನ ಹೆಂಡತಿ ನಾಗರತ್ನಳ ಸಾಮ್ರಾಜ್ಯ. "ಬೂದಿ ಬಳಿದಂಗೈತಲ್ರೀ ಇದು! ಬಣ್ಣ ಹಾಕ್ಕೊಂಡು ಬನ್ನಿ, ಆಮೇಲೆ ಜಾಗ ಕೊಡ್ತೀನಿ" ಎಂದಳು.

ಬ್ರಷ್ಷಿನಲ್ಲಿ ಬಳಿದರೆ ಗೆರೆ ಬೀಳುತ್ತದೆ. ಅದಕ್ಕೇ ಪೆನ್ನಿನಷ್ಟು ಉದ್ದದ, ಗಾಳಿಯ ಬಲದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಒಂದನ್ನು ಸಂಪಾದಿಸಿದ್ದೆ. ಗಾಳಿಗೆ ಲಾರಿ ಟ್ಯೂಬು. ಪಂಕ್ಚರ್ ಅಂಗಡಿಯಲ್ಲಿ ಅದನ್ನು ಊದಿಸಿ, ಹೆಗಲಿಗೇರಿಸಿಕೊಂಡು ಬೀದಿಯಲ್ಲಿ ಬಂದರೆ, ನಮ್ಮ ಕಚೇರಿಯ ಜವಾನನೇ "ಯಾವ ಬಾವಿಗೆ ಸಾರ್ ಈಜಕ್ಕೆ?" ಎಂದು ಕೇಳಿದ. ಇರಲಿ, ದೊಡ್ಡ ಕೆಲಸ ಮಾಡುವವರನ್ನು ಜನ ಆಡಿಕೊಳ್ಳುವುದು ಇದ್ದದ್ದೇ.

ಇನ್ನು ಉಳಿದದ್ದು ಬಣ್ಣವನ್ನು ತೆಳುವಾಗಿಸುವ ಥಿನ್ನರ್. ಪರೀಕ್ಷೆಗೆಂದು ಹಳೆಯ ತಗಡಿನ ಡಬ್ಬದ ಮೇಲೆ ಮೊದಲು ಬಣ್ಣಕ್ಕೆ ಸೀಮೆಎಣ್ಣೆ ಬೆರೆಸಿ ಹೊಡೆದೆ. ಮನೆಯೆಲ್ಲ ಸ್ಟೌ ವಾಸನೆ, ಬಣ್ಣ ಮಂಕು. ಟರ್ಪೆಂಟೈನ್ ಚೆನ್ನಾಗಿಯೇ ಇತ್ತು, ಆದರೆ ಒಣಗುವಷ್ಟರಲ್ಲಿ ಬೀದಿಯ ಧೂಳೆಲ್ಲ ಬಂದು ಅಂಟಿತು. ಹಬ್ಬ ಬಾಗಿಲಿಗೆ ಬಂದಿತ್ತು. ಬಸ್ಸು ಹತ್ತಿ ಮುಳಬಾಗಿಲಿನ ಹೆದ್ದಾರಿಯ ಲಾರಿ ಪೇಂಟರ್ ಬಳಿಗೆ ಓಡಿದೆ.

"ಯಾವುದಕ್ಕೆ ಸಾರ್ ಥಿನ್ನರು?" ಎಂದ. ಸುತ್ತ ಮೀಸೆ ಹೊತ್ತ ಡ್ರೈವರುಗಳು ನಿಂತಿದ್ದರು. ಆಟದ ವಿಮಾನಕ್ಕೆ ಎನ್ನಲು ನಾಲಿಗೆ ಏಳಲಿಲ್ಲ. ಸೈಕಲ್ಲೂ ಇಲ್ಲದ ನಾನು "ಸ್ಕೂಟರ್‌ಗೆ ಕಣಪ್ಪಾ" ಎಂದುಬಿಟ್ಟೆ.

"ಹಂಗಾದ್ರೆ ಇದ್ನ ತಗಂಡೋಗಿ. ಹೊಡೀತಿದ್ದಂಗೇ ಒಣಗೋಯ್ತದೆ!"

ಅವನ ಮಾತು ಸುಳ್ಳಾಗಲಿಲ್ಲ. ತಗಡಿನ ಡಬ್ಬ ಕನ್ನಡಿಯಂತೆ ಹೊಳೆಯಿತು. ನನಗೆ ಕುಣಿಯುವಷ್ಟು ಖುಷಿ! ಟ್ಯೂಬಿನ ಮೇಲೆ ಕುಳಿತು, ಉಸಿರು ಬಿಗಿಹಿಡಿದು, ವಿಮಾನಕ್ಕೆ ಬೆಳ್ಳಿಬಣ್ಣ ಹೊಡೆದೆ. ಆಹಾ, ಏನು ಹೊಳಪು! "ಲೇ ನಾಗೂ, ಬಾರೇ ಇಲ್ಲಿ!" ಎಂದು ಕೂಗಿದೆ. ಅವಳು ಒಳಗಿಂದ ಬರುವಷ್ಟರಲ್ಲಿ ವಿಮಾನದ ಮೂಗು ಮೆಲ್ಲಗೆ ಕೆಳಗೆ ಬಾಗುತ್ತಿತ್ತು. ನೋಡುತ್ತಿದ್ದಂತೆ ರೆಕ್ಕೆಗಳೂ ಜೋತುಬಿದ್ದವು. ತಗಡಿಗೆ ಅಮೃತವಾದದ್ದು ಪ್ಲಾಸ್ಟಿಕ್ಕಿಗೆ ವಿಷವಾಗಿತ್ತು. ನನಗೆ ಅಳುವೇ ಬಂತು.

ನಾಗರತ್ನ ನಗಲಿಲ್ಲ. ನನ್ನ ಮುಖ ನೋಡಿದಳು, ವಿಮಾನವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಣಗಿದ ಮೇಲೆ ಒಯ್ದು ಮೇಲಿನ ಮೆಟ್ಟಿಲಲ್ಲಿ ವೆಂಕಟರಮಣನ ಗೊಂಬೆಯ ಮುಂದಿಟ್ಟು, ಒಂದು ಹೂ ಏರಿಸಿದಳು.

ಸಂಜೆ ಆರತಿಗೆ ಬಂದ ಪಕ್ಕದ ಮನೆಯ ಗೌನಿಪಲ್ಲಿ ವೆಂಕಟಮ್ಮನವರು ಅದರ ಮುಂದೆಯೇ ನಿಂತುಬಿಟ್ಟರು. "ಎಂತ ಬಾಗುಂದಮ್ಮಾ ಗರುಡ! ಕೊಕ್ಕು ನೋಡು, ರೆಕ್ಕೆ ನೋಡು!" ಎಂದು ತೆಲುಗು ಬೆರೆಸಿ ಹೊಗಳುತ್ತ ಕೆನ್ನೆ ಬಡಿದುಕೊಂಡರು. "ನಮ್ಮ ಯಜಮಾನ್ರೇ ಮಾಡಿದ್ದು" ಎಂದಳು ನಾಗರತ್ನ. ಅದು ಗರುಡನಲ್ಲ, ಯುದ್ಧವಿಮಾನ ಎಂದು ತಿದ್ದಲು ಬಾಯಿ ತೆರೆದೆ. ಅಷ್ಟರಲ್ಲಿ ವೆಂಕಟಮ್ಮನವರು, "ನಮ್ಮನೆಗೂ ಒಂದು ಮಾಡ್ಕೊಡಿ ಸ್ವಾಮಿ" ಎಂದು ನನಗೇ ಕೈಮುಗಿದರು. ತೆರೆದ ಬಾಯಿಂದ "ಆಗಲಿ ತಾಯಿ" ಎಂದು ಬಂತು.

ಹಬ್ಬ ಮುಗಿಯುತ್ತಲೇ ಮತ್ತೆ ಮುಳಬಾಗಿಲಿನ ಬಸ್ಸು ಹತ್ತಿದೆ, ಅದೇ ಥಿನ್ನರ್ ತರಲು. "ಸ್ಕೂಟರ್ ಹೆಂಗ್ ಬಂತು ಸಾರ್?" ಎಂದ ಪೇಂಟರ್.

"ಜನ ಕೈ ಮುಗೀತಾರೆ ಕಣಪ್ಪಾ" ಎಂದೆ.