ಇಳಿಯುವ ಬೆಲೆಗೆ ಕಾದವಳ ತಕರಾರು

ಇವರಿಗೆ,
ಮಾನ್ಯ ಮಾಲೀಕರು,
ಕಂಪ್ಯೂಟರಿನೊಳಗಿನ ಆಟಗಳ ಅಂಗಡಿ.
(ಊರು, ಓಣಿ, ಬಾಗಿಲು ಯಾವುದೂ ತಿಳಿಯದ ಕಾರಣ ಬರೆದಿಲ್ಲ.)

ಮಾನ್ಯರೇ,

ಬೆಳಗಾವಿಯ ಖಾಸಬಾಗದಿಂದ ಗಂಗಾದೇವಿ ಈರಣ್ಣ ಸಂಬರಗಿ ಮಾಡುವ ಶರಣು ಶರಣಾರ್ಥಿಗಳು. ತಾವು ಕ್ಷೇಮವೆಂದೇ ಭಾವಿಸುತ್ತೇನೆ. ಬಾಗಿಲು ತೆರೆಯದೆ, ಕಸ ಗುಡಿಸದೆ, ಬಂದ ಗಿರಾಕಿಗೆ ಒಂದು ಲೋಟ ನೀರೂ ಕೊಡದೆ ವರ್ಷವಿಡೀ ವ್ಯಾಪಾರ ಮಾಡುವವರು ಕ್ಷೇಮವಾಗಿರದೆ ಇನ್ಯಾರು ಇರಬೇಕು. ತಮ್ಮ ಮೇಲೆ ನನ್ನದೊಂದು ತಕರಾರಿದೆ. ಅದನ್ನು ತಮ್ಮೆದುರು ನಿಂತು ಹೇಳುವುದೇ ಮರ್ಯಾದೆಯಾಗಿತ್ತು; ಆದರೆ ತಾವು ಎಲ್ಲಿಯೂ ಮುಖ ತೋರಿಸದ ಕಾರಣ ಹೀಗೆ ನಾಲ್ಕು ಜನರ ಮುಂದೆ ಬರೆಯಬೇಕಾಗಿದೆ. ಮನ್ನಿಸಬೇಕು.

ನನ್ನ ವ್ಯವಹಾರದ ರೀತಿಯನ್ನು ತಮಗೆ ಮೊದಲು ತಿಳಿಸುತ್ತೇನೆ. ನಾನು ಈ ಮನೆಗೆ ಸೊಸೆಯಾಗಿ ಬಂದು ನಲವತ್ತೊಂದು ವರ್ಷವಾಯಿತು. ಅಂದಿನಿಂದ ಯಾವ ವಸ್ತುವೂ ಪೇಟೆಗೆ ಬಂದ ದಿನದ ಬೆಲೆಗೆ ಈ ಹೊಸ್ತಿಲು ದಾಟಿಲ್ಲ. ಕೊಡೆಯನ್ನು ಮಳೆಗಾಲ ಮುಗಿದ ಮೇಲೆ ಕೊಳ್ಳುತ್ತೇವೆ, ಸ್ವೆಟರನ್ನು ಸಂಕ್ರಾಂತಿ ಕಳೆದ ಮೇಲೆ. ಖಡೇಬಜಾರದ ಸೀರೆ ಅಂಗಡಿಯಲ್ಲಿ ನನಗೆ ಬೇಕಾದ ಸೀರೆಯತ್ತ ನಾನು ಕಣ್ಣೆತ್ತಿಯೂ ನೋಡುವುದಿಲ್ಲ. ಬೇಡದ ನಾಲ್ಕು ಸೀರೆಗಳನ್ನು ಬಿಚ್ಚಿಸಿ, ಅಂಚು ತಿಕ್ಕಿ, ಬಣ್ಣಕ್ಕೆ ಹೆಸರಿಟ್ಟು, ಎದ್ದು ಹೊರಡುವಾಗ ಮಾತ್ರ ಮೂಲೆಯಲ್ಲಿರುವುದು ಏನೆಂದು ಸುಮ್ಮನೆ ಕೇಳುತ್ತೇನೆ. ಇದು ನಮ್ಮ ಅತ್ತೆ ಅಕ್ಕವ್ವನವರು ಕಲಿಸಿಕೊಟ್ಟ ವಿದ್ಯೆ. ಬೇಕು ಎಂಬುದು ಗೊತ್ತಾದ ಕ್ಷಣವೇ ಅಂಗಡಿಯವನ ಬೆನ್ನು ನೆಟ್ಟಗಾಗುತ್ತದೆ ಎಂದು ಅವರು ಹೇಳುತ್ತಿದ್ದರು.

ಹೋದ ವರ್ಷ ಮೇ ತಿಂಗಳಲ್ಲಿ ನನ್ನ ಮಗನ ಮಗಳು ಸಮೃದ್ಧಿ ತಮ್ಮಲ್ಲಿ ಹೊಸದಾಗಿ ಬಂದ ಆಟವೊಂದನ್ನು ಕೇಳಿದಳು. ಒಂದೇ ಹಗ್ಗದ ಎರಡು ತುದಿಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಇಬ್ಬರು ಗುಡ್ಡ ಹತ್ತುವ ಆಟ. ಒಬ್ಬರು ಹತ್ತುವಾಗ ಇನ್ನೊಬ್ಬರು ಹಗ್ಗ ಹಿಡಿದು ನಿಲ್ಲಬೇಕು, ಒಬ್ಬರೇ ಆಡುವಂತಿಲ್ಲ. ಖಾನಾಪುರದಲ್ಲಿರುವ ನನ್ನ ಮಗಳು ಪ್ರಮಿಳಾಳಿಗೆ ಮಾಲಾ ಎಂಬ ಮಗಳಿದ್ದಾಳೆ, ಸಮೃದ್ಧಿಯ ಓರಗೆಯವಳು. ಶಾಲೆಯ ಪ್ರತಿ ಸೂಟಿಯಲ್ಲೂ ಒಂದೇ ತಾಟಿನಲ್ಲಿ ಉಂಡು ಬೆಳೆದ ಹುಡುಗಿಯರು ಇವರು. ಮಾಲಾಳಿಗೆ ಅವಳ ಅಪ್ಪ ಉಳವಪ್ಪ ಆಟ ಬಂದ ದಿನವೇ ಕೊಡಿಸಿಬಿಟ್ಟಿದ್ದರು. ನಮ್ಮ ಅಳಿಯಂದಿರು ಬಹಳ ಒಳ್ಳೆಯವರು, ಬೆಲೆ ಕೇಳುವ ಮೊದಲೇ ಜೇಬಿಗೆ ಕೈ ಹಾಕುವ ಸ್ವಭಾವ. ಅವಳು ಖಾನಾಪುರದಲ್ಲಿ ಒಂದು ತುದಿ ಹಿಡಿದು ಕಾದಿದ್ದಳು. ಇವಳು ಖಾಸಬಾಗದಲ್ಲಿ ಇನ್ನೊಂದು ತುದಿ ಹಿಡಿಯಬೇಕಿತ್ತು. ನಾನು ಬೆಲೆ ಕೇಳಿದೆ. ಎರಡು ಸಾವಿರಕ್ಕೆ ಒಂದು ರೂಪಾಯಿ ಕಡಿಮೆ ಎಂದಳು. ಆ ಒಂದು ರೂಪಾಯಿ ಬಿಟ್ಟುಕೊಟ್ಟ ತಮ್ಮ ಉದಾರತೆಗೆ ಮನಸ್ಸಿನಲ್ಲೇ ಕೈಮುಗಿದು, ಇಳಿಯುವವರೆಗೆ ತಡೆಯಬೇಕೆಂದು ತೀರ್ಪು ಕೊಟ್ಟೆ.

ತೀರ್ಪು ಕೊಟ್ಟು ಸುಮ್ಮನೆ ಕೂರಲಿಲ್ಲ, ಕನ್ನಡಕ ಹಾಕಿಕೊಂಡು ತಮ್ಮ ಅಂಗಡಿಯನ್ನು ಖುದ್ದಾಗಿ ನೋಡಿದೆ. ಅಲ್ಲಿ ತಾವೊಂದು ಸೋಜಿಗದ ವ್ಯವಸ್ಥೆ ಇಟ್ಟಿದ್ದೀರಿ. ಗಿರಾಕಿಗೆ ಏನು ಬೇಕೋ ಅದನ್ನು ಅವನೇ ಕೈಯಾರೆ ಪಟ್ಟಿ ಮಾಡಿ ತಮಗೆ ಕೊಡಬೇಕಂತೆ, ಆಮೇಲೆ ಬೆಲೆ ಇಳಿದಾಗ ತಾವು ತಿಳಿಸುತ್ತೀರಂತೆ. ನಲವತ್ತೊಂದು ವರ್ಷ ನಾನು ಮುಚ್ಚಿಟ್ಟುಕೊಂಡು ಬಂದದ್ದನ್ನೇ ತಾವು ಮೊದಲ ಮೆಟ್ಟಿಲಲ್ಲಿ ಕೇಳುತ್ತೀರಿ. ಸಮೃದ್ಧಿ ಆಗಲೇ ಗುಡ್ಡದ ಆಟವನ್ನು ಪಟ್ಟಿಗೆ ಸೇರಿಸಿದ್ದಳು. ಕೂಡಲೇ ತೆಗೆಸಿದೆ. ಅದರ ಜಾಗದಲ್ಲಿ ಬೇಡದ ಮೂರು ಆಟಗಳನ್ನು ಹಾಕಿಸಿದೆ: ಟ್ರ್ಯಾಕ್ಟರ್ ಓಡಿಸುವುದು, ಮೀನು ಹಿಡಿಯುವುದು, ಸತ್ತವರು ಎದ್ದು ಬರುವುದು. ಹುಡುಗಿ ಅಳುಮುಖ ಮಾಡಿದಳು.

"ಆಯಿ, ಅಲ್ಲಿ ಮನಷ್ಯಾರು ಯಾರೂ ಇಲ್ರಿ. ಮಷೀನ್ ಐತಿ."

ಮಷೀನಿಗೂ ಒಬ್ಬ ಮಾಲೀಕ ಇದ್ದೇ ಇರುತ್ತಾನೆ ಎಂದು ನಾನು ಹೇಳಿದೆ.

ಮಾನ್ಯರೇ, ತಮ್ಮ ಯಂತ್ರ ನನ್ನನ್ನು ನಂಬಿತು. ಇದೇ ನನ್ನ ಮೊದಲ ತಕರಾರು. ಟ್ರ್ಯಾಕ್ಟರಿನ ಬೆಲೆ ಇಳಿದಾಗ ಪತ್ರ ಕಳಿಸಿದಿರಿ, ಸತ್ತವರ ಬೆಲೆ ಇಳಿದಾಗ ಪತ್ರ ಕಳಿಸಿದಿರಿ, ಲಿಂಗವಂತರ ಮನೆಗೆ ಮೀನಿನ ಗಾಳ ಮುಟ್ಟಿಸಲು ತಾವು ತೋರಿದ ಉತ್ಸಾಹವನ್ನಂತೂ ನಾನು ಬದುಕಿರುವವರೆಗೆ ಮರೆಯಲಾರೆ. ಆದರೆ ಆಗಸ್ಟಿನಲ್ಲಿ ಮೂರೇ ದಿನ ಗುಡ್ಡದ ಆಟವನ್ನು ಅರ್ಧ ಬೆಲೆಗೆ ಮಾರಿದಾಗ ಒಂದು ಸಾಲೂ ಬರೆಯಲಿಲ್ಲ. ಏಕೆಂದರೆ ಅದು ನಮಗೆ ಬೇಕೆಂದು ನಾವು ಹೇಳಿರಲಿಲ್ಲ. ಆಗ ನನಗೆ ಹೊಳೆದದ್ದೇನೆಂದರೆ, ಖಡೇಬಜಾರದ ಸೀರೆ ಅಂಗಡಿಯವನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ನನ್ನನ್ನು ನಂಬಿರಲಿಲ್ಲ. ಮೂಲೆಯ ಸೀರೆಯೇ ನನಗೆ ಬೇಕೆಂದು ನಾನು ಚಪ್ಪಲಿ ಬಿಡುವಾಗಲೇ ಅವನಿಗೆ ಗೊತ್ತಿರುತ್ತಿತ್ತು. ಗೊತ್ತಿದ್ದೂ ನಾಲ್ಕು ಸೀರೆ ಬಿಚ್ಚಿ ತೋರಿಸುತ್ತಿದ್ದ. ಅಷ್ಟು ಸೌಜನ್ಯ ತಮ್ಮ ಯಂತ್ರಕ್ಕಿಲ್ಲ.

ಆ ಮೂರು ದಿನ ಕಳೆದ ಮರುದಿನ ಖಾನಾಪುರದಿಂದ ಫೋನ್ ಬಂತು. ಸಮೃದ್ಧಿ ಅದನ್ನು ಎಲ್ಲರಿಗೂ ಕೇಳುವಂತೆ ಇಟ್ಟಿದ್ದಳು. "ಅರ್ಧಾ ರೇಟಿಗೂ ತಗೋಲಿಲ್ಲಲಾ ನೀ," ಎಂದಳು ಮಾಲಾ. "ನಾ ಎಷ್ಟ ದಿನಾ ತಡೀಲಿ? ಗುಂಜಿ ಹುಡುಗಿ ಕೂಡ ಹತ್ತಾಕ ಚಾಲೂ ಮಾಡೇನಿ." ಗುಂಜಿಯಿಂದ ದಿನವೂ ಖಾನಾಪುರದ ಶಾಲೆಗೆ ಬರುವ ಗೆಳತಿಯಂತೆ. ನಮ್ಮ ಮನೆಯ ಹುಡುಗಿ ಹಿಡಿಯಬೇಕಾದ ತುದಿಯನ್ನು ಆ ಪುಣ್ಯವಂತೆ ಹಿಡಿದಾಗಿತ್ತು.

ದೀಪಾವಳಿಗೆ ತಾವು ಬೆಲೆಯನ್ನು ಕಾಲು ಭಾಗಕ್ಕೆ ಇಳಿಸಿದಿರಿ. ನಾನು ಗೆದ್ದೆ. ಗೆದ್ದದ್ದನ್ನು ಪಕ್ಕದ ಮನೆಯ ಸಿದ್ದಕ್ಕನಿಗೂ ಹೇಳಿ ಬಂದೆ. ಆಕೆ ಯಾವ ಆಟ, ಏನು ಎಂದು ಕೇಳದೆಯೇ ಬೆರಗಾದಳು. ಸಂಜೆ ಸಮೃದ್ಧಿ ಆಟ ತೆರೆದಳು. ಗುಡ್ಡದ ಬುಡದಲ್ಲಿ ಕೆಂಪು ಟೋಪಿಯ ಬೊಂಬೆಯೊಂದು ಹಗ್ಗ ಕಟ್ಟಿಕೊಂಡು ನಿಂತಿತ್ತು, ಹಗ್ಗದ ಇನ್ನೊಂದು ತುದಿ ಹಿಮದ ಮೇಲೆ ಬಿದ್ದಿತ್ತು. ಜೊತೆಗಾರರಿಗಾಗಿ ಕಾಯಲಾಗುತ್ತಿದೆ ಎಂದು ಮೇಲೆ ಅಕ್ಷರಗಳು ಮಿನುಗುತ್ತಿದ್ದವು. ಮಾಲಾ ಅಷ್ಟು ಹೊತ್ತಿಗೆ ಎರಡು ಸಲ ತುದಿ ಮುಟ್ಟಿ ಬಂದು, ಆ ಗುಡ್ಡವೇ ಬೇಸರವಾಗಿದೆ ಎಂದುಬಿಟ್ಟಿದ್ದಳು. ಸಮೃದ್ಧಿ ನನಗೆ ಒಂದು ಮಾತೂ ಅನ್ನಲಿಲ್ಲ. ಮೂರು ಸಂಜೆ ಆಟ ತೆರೆಯುವುದು, ಆ ಅಕ್ಷರಗಳನ್ನು ನೋಡುವುದು, ಮುಚ್ಚುವುದು. ಅಂದಿದ್ದರೆ ನಾನು ತಿರುಗಿ ಏನಾದರೂ ಅನ್ನುತ್ತಿದ್ದೆ.

ನಾಲ್ಕನೆಯ ಸಂಜೆ ಅವಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಜೊತೆಗಾರರು ಹಿಡಿಯುವ ಆ ಎರಡನೆಯ ರಿಮೋಟು ಇತ್ತ ಕೊಡು ಎಂದೆ. ಅರವತ್ತೆರಡನೆಯ ವಯಸ್ಸಿನಲ್ಲಿ ನನ್ನನ್ನು ಹಿಮದ ಗುಡ್ಡಕ್ಕೆ ಹತ್ತಿಸಿದ ಕೀರ್ತಿ ಸಂಪೂರ್ಣವಾಗಿ ತಮಗೆ ಸಲ್ಲಬೇಕು. ಹಗ್ಗ ಹಿಡಿಯುವುದರಲ್ಲಿ ನನ್ನ ಸರಿಸಮ ಯಾರೂ ಇಲ್ಲವೆಂದು ಮೊದಲ ದಿನವೇ ತಿಳಿಯಿತು, ಏಕೆಂದರೆ ನಾನು ಬಿಡುತ್ತಲೇ ಇರಲಿಲ್ಲ. "ಆಯಿ, ಒಂಚೂರ ಸಡ್ಲ ಬಿಡ್ರಿ," ಎಂದಳು ಹುಡುಗಿ, ಬಂಡೆಗೆ ಅಂಟಿಕೊಂಡು ನಿಂತ ಬೊಂಬೆಯನ್ನು ತೋರಿಸಿ. "ನಾ ಮ್ಯಾಲ ಹೋಗಬೇಕಲ್ರಿ." ಸಡಿಲ ಬಿಡುವುದನ್ನು ಕಲಿಯಲು ನನಗೆ ಒಂದು ತಿಂಗಳು ಹಿಡಿಯಿತು. ಗುಡ್ಡದ ನಡುವೆ ತಾವಿಟ್ಟ ಅಂಗಡಿಯಲ್ಲಿ ಬೂಟಿನ ಬೆಲೆ ಅತಿಯಾಯಿತೆಂದು ನಾನು ಕೊಳ್ಳಗೊಡದೆ ಇಬ್ಬರೂ ಮೂರು ಸಲ ಪ್ರಪಾತಕ್ಕೆ ಜಾರಿದೆವು. ಶಿವರಾತ್ರಿಯ ಹೊತ್ತಿಗೆ ಬೂಟು ಕೊಂಡು ತುದಿ ಮುಟ್ಟಿದೆವು.

ಈ ಏಪ್ರಿಲಿನಲ್ಲಿ ತಾವು ಎರಡನೆಯ ಗುಡ್ಡವನ್ನು ಹೊರತಂದಿರಿ. ಸುದ್ದಿ ಸಮೃದ್ಧಿಗೆ ಗೊತ್ತಿತ್ತು, ಆದರೆ ಅವಳು ಕೇಳಲಿಲ್ಲ. ನಾನೇ ಕೇಳಿದೆ. ಅವಳು ಪುಸ್ತಕದಿಂದ ತಲೆ ಎತ್ತದೆ ಹೇಳಿದಳು.

"ಬ್ಯಾಡ ಬಿಡ್ರಿ ಆಯಿ. ದೀಪಾವಳಿಗೆ ನೋಡೂಣು."

ಬೇಕಾದ್ದರತ್ತ ಕಣ್ಣೆತ್ತಿ ನೋಡಬಾರದೆಂಬ ವಿದ್ಯೆಯನ್ನು ಆ ಮಗು ಪೂರ್ತಿಯಾಗಿ ಕಲಿತುಬಿಟ್ಟಿತ್ತು. ಅತ್ತೆಯವರು ಇದ್ದಿದ್ದರೆ ಹೆಮ್ಮೆಪಡುತ್ತಿದ್ದರು. ನಾನು ಮಾತ್ರ ಅಂದು ಮಧ್ಯಾಹ್ನದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಕೈತೊಳೆದು ಖಾನಾಪುರಕ್ಕೆ ಫೋನ್ ಮಾಡಿ, ಬಂದ ದಿನವೇ ಕೊಳ್ಳುವುದು ಹೇಗೆಂದು ಅಳಿಯಂದಿರನ್ನು ಕೇಳಿದೆ. ಅವರು, "ಅತ್ತಿಯವರ, ಆರಾಮ ಅದೀರಿಲ್ರಿ?" ಎಂದರು. ಆರಾಮ ಇದ್ದೇನೆಂದು ಹೇಳಿ, ಫೋನನ್ನು ಮಾಲಾಳಿಗೆ ಕೊಡಿಸಿ, ಆ ಗುಂಜಿ ಹುಡುಗಿಗೆ ನನ್ನ ಆಶೀರ್ವಾದ ತಿಳಿಸಬೇಕೆಂದೂ, ಈ ಗುಡ್ಡಕ್ಕೆ ನಮ್ಮ ಸಮೃದ್ಧಿ ಬರುತ್ತಾಳೆಂದೂ ಹೇಳಿದೆ. ತಾವು ಕೇಳಿದ ಬೆಲೆಯನ್ನು, ಒಂದು ಪೈಸೆ ಚೌಕಾಸಿ ಮಾಡದೆ, ಅಂದೇ ಸಲ್ಲಿಸಿದ್ದೇನೆ.

ಈಗ ದಿನವೂ ಸಂಜೆ ಖಾನಾಪುರದವಳೂ ಖಾಸಬಾಗದವಳೂ ಕೂಡಿ ಹತ್ತುತ್ತಾರೆ, ನಗುತ್ತಾರೆ, ಒಬ್ಬರನ್ನೊಬ್ಬರು ಕೆಳಗೆ ಕೆಡವಿ ಬೈದಾಡುತ್ತಾರೆ. ನಾನು ಪಕ್ಕದ ಕುರ್ಚಿಯಲ್ಲಿ ಕುಳಿತಿರುತ್ತೇನೆ. ಎಲ್ಲಿ ಕಾಲಿಡಬೇಕೆಂದು ಹೇಳಿದರೆ, ಗೊತ್ತೈತ್ರಿ ಆಯಿ ಎನ್ನುತ್ತಾರೆ. ಇಲ್ಲಿಗೆ ನನ್ನ ಮುಖ್ಯ ತಕರಾರಿಗೆ ಬಂದೆ. ಮಾನ್ಯರೇ, ಇಷ್ಟೊಂದು ಬುದ್ಧಿವಂತರಾದ ತಾವು, ಹಿಮ ಸುರಿಸಬಲ್ಲ, ಸತ್ತವರನ್ನು ಎಬ್ಬಿಸಬಲ್ಲ ತಾವು, ಹಗ್ಗಕ್ಕೆ ಎರಡೇ ತುದಿ ಏಕೆ ಇಟ್ಟಿರಿ? ಬರುವ ಗುಡ್ಡದಲ್ಲಿ ದಯವಿಟ್ಟು ಮೂರನೆಯ ತುದಿಯೊಂದನ್ನು ಮಾಡಿಕೊಡಬೇಕು. ಅದು ಹತ್ತಲು ಬರದಿದ್ದರೂ ಚಿಂತೆಯಿಲ್ಲ. ಬುಡದಲ್ಲಿ ಕುಳಿತು ಹಿಡಿದುಕೊಳ್ಳಲು ಬಂದರೆ ಸಾಕು. ಬೇಕಾದಷ್ಟು ಸಡಿಲ ಬಿಡುತ್ತೇನೆ.

ಉತ್ತರ ಬರುವವರೆಗೆ ತಾಳ್ಮೆಯಿಂದಿರುವ,

ತಮ್ಮ ವಿಶ್ವಾಸಿ,
ಗಂಗಾದೇವಿ ಈರಣ್ಣ ಸಂಬರಗಿ

ಮರೆತ ಮಾತು: ನಾನು ಪೂರ್ತಿ ಬೆಲೆ ಕೊಟ್ಟ ಇಪ್ಪತ್ತೊಂದನೆಯ ದಿನಕ್ಕೆ ತಾವು ಎರಡನೆಯ ಗುಡ್ಡವನ್ನು ಶೇಕಡಾ ಮೂವತ್ತು ಇಳಿಸಿದ್ದೀರೆಂದು ಕೇಳಿದ್ದೇನೆ. ನಾನು ಅತ್ತ ನೋಡಿಲ್ಲ, ನೋಡುವುದೂ ಇಲ್ಲ. ವ್ಯತ್ಯಾಸದ ಹಣ ಮರಳಿಸಿರೆಂದು ಕೇಳುವ ಜಾತಿಯವಳೂ ನಾನಲ್ಲ. ಆದರೆ ತಮಗೇ ಮನಸ್ಸಾಗಿ ಕಳಿಸುವುದಾದರೆ, ಖಾಸಬಾಗದಲ್ಲಿ ಯಾರನ್ನು ಕೇಳಿದರೂ ನಮ್ಮ ಮನೆ ತೋರಿಸುತ್ತಾರೆ.